ಹೊತ್ತು ಮುಳುಗುವಾಗಿನ ಗಾಳಿ

ಕೋಟು ಹಾಕಿಕೊಂಡ ಮೇಲೆ ಮೊದಲ ನಾಲ್ಕಾರು ಉಸಿರಿನವರೆಗೆ ಅವಳಿಗೆ ವಾಸನೆ ಗೊತ್ತಾಯಿತು, ಆಮೇಲೆ ಗೊತ್ತಾಗಲಿಲ್ಲ. ಮೂಗಿನ ಹಣೆಬರಹವೇ ಅಷ್ಟು, ಬಹಳ ಬೇಗ ಸೋತುಹೋಗುತ್ತದೆ. ಕಣ್ಣು ಬೇಡವಾದದ್ದನ್ನು ದಿನವಿಡೀ ನೋಡಬಲ್ಲದು, ಕಿವಿ ನಲ್ಲಿ ತೊಟ್ಟಿಕ್ಕುವುದನ್ನು ಎಷ್ಟು ಹೊತ್ತು ಬೇಕಾದರೂ ಕೇಳಬಲ್ಲದು, ಮೂಗು ಮಾತ್ರ ಸ್ವಲ್ಪ ಹೊತ್ತಿಗೇ ಆಯ್ತು ಬಿಡಿ ಎಂದು ಕೈತೊಳೆದುಕೊಳ್ಳುತ್ತದೆ. ಇದನ್ನು ಅವಳು ಕಲಿತದ್ದು ಕೆಲಸದಲ್ಲಿ. ನಗರದ ನೀರು ಮತ್ತು ಒಳಚರಂಡಿ ಕಚೇರಿಯಲ್ಲಿ ಎಂಜಿನಿಯರಾಗಿದ್ದ ಅವಳನ್ನು ಬೆನ್ನ ಹಿಂದೆ ಎಲ್ಲರೂ ‘ಮೂಗು’ ಎನ್ನುತ್ತಿದ್ದರು. ಈಚೆಗೆ ಎದುರಿಗೂ ಎನ್ನತೊಡಗಿದ್ದರು. ಎಲ್ಲಿ ಎಷ್ಟು ವಾಸನೆಯಿದೆ ಎಂದು ನಿಂತು ಮೂಸಿ ಸೊನ್ನೆಯಿಂದ ಆರರವರೆಗೆ ಅಂಕ ಕೊಡುವುದು ಅವಳ ಕೆಲಸದ ಒಂದು ಭಾಗ. ಸೊನ್ನೆ ಎಂದರೆ ಏನೂ ಇಲ್ಲ, ಆರು ಎಂದರೆ ಅಲ್ಲಿ ನಿಲ್ಲಲಾಗದು. ಅದಕ್ಕೊಂದು ತರಬೇತಿಯಿದೆ, ಪರೀಕ್ಷೆಯಿದೆ. ಮೂಸುವ ದಿನ ಘಮಘಮಿಸುವ ಸೋಪು ಹಚ್ಚಬಾರದು, ಕಾಫಿ ಕುಡಿಯಬಾರದು, ಒಗೆದ ಬಿಳಿ ಹತ್ತಿಯ ಕೋಟು ಹಾಕಿಕೊಳ್ಳಬೇಕು. ಇವತ್ತು ಮೂಸುವ ದಿನವಲ್ಲ, ಸಾರ್ವಜನಿಕ ಸಭೆಯಲ್ಲಿ ಮಾತಾಡುವ ದಿನ. ಆದರೂ ಕೋಟು ಹಾಕಿಕೊಂಡೇ ಬರಬೇಕೆಂದು ಚೀಫ್ ಎಂಜಿನಿಯರು ಹೇಳಿದ್ದರು. “ಬಿಳಿ ಕೋಟು ಕಂಡ್ರೆ ಜನ ನಂಬ್ತಾರೆ ಇವ್ರೇ,” ಎಂದಿದ್ದರು. ಸರಿ, ನಂಬಲಿ, ಎಂದುಕೊಂಡು ಅವಳು ಕನ್ನಡಿಯ ಮುಂದೆ ನಿಂತು ಕತ್ತಿನ ಗುಂಡಿಯನ್ನೂ ಹಾಕಿದಳು.

“ಏನೇ ಇದು, ಮಂಚದ ಕೆಳಗೆ ಇಲಿ ಗಿಲಿ ಸತ್ತಿದೆಯಾ?” ಎನ್ನುತ್ತ ಗಂಡ ಒಳಗೆ ಬಂದ. ಅವನು ಹಲ್ಲಿನ ಡಾಕ್ಟರು. ಊರವರ ಬಾಯಿ ವಾಸನೆಯನ್ನೆಲ್ಲ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಸಹಿಸಿ, ಮನೆಗೆ ಬಂದು ಬಟ್ಟೆ ಬಿಚ್ಚಿದ ಮೇಲೆ ಸಣ್ಣಪುಟ್ಟದ್ದಕ್ಕೂ ಮೂಗು ಮುರಿಯುವವನು. ರೋಗಿಗಳ ಬಾಯೊಳಗೆ ಬಿಡುವ ಪುಟ್ಟ ಟಾರ್ಚನ್ನೇ ತಂದು, ಮೊಣಕಾಲೂರಿ, ಮಂಚದ ಕೆಳಗೆ ಹುಡುಕಿದ. ಅಲ್ಲಿ ಅವನದೇ ಒಂದು ಕಾಲುಚೀಲ ಸಿಕ್ಕಿತು. ಅದನ್ನು ಮೂಸಿ, ಅನುಮಾನದಿಂದ ಇನ್ನೊಮ್ಮೆ ಮೂಸಿ, ಬಚ್ಚಲಿಗೆ ಎಸೆದ. ಅವಳಿಗೆ ಪಾಪ ಅನ್ನಿಸಿತು, ನಗುವೂ ಬಂತು. ಹೇಳಿಬಿಡಲೇ ಇವನಿಗೆ? ಹೇಳಿದರೆ ‘ಆಯ್ತು’ ಅನ್ನುತ್ತಾನೆ. ಅಪ್ಪ ಹೇಳಿದ್ದಕ್ಕೂ ಆಯ್ತು, ಹೆಂಡತಿ ಹೇಳಿದ್ದಕ್ಕೂ ಆಯ್ತು. ಅವನ ಆಯ್ತನ್ನು ನಂಬಿ ಯಾವ ಜಗಳಕ್ಕೂ ಇಳಿಯುವಂತಿಲ್ಲ ಎಂದು ಮದುವೆಯ ಹೊಸತರಲ್ಲೇ ಅವಳಿಗೆ ಅರ್ಥವಾಗಿತ್ತು. “ಇಲಿ ಇಲ್ಲ ರೀ. ಏಳಿ, ಪ್ಯಾಂಟು ಕೊಳೆಯಾಗತ್ತೆ,” ಎಂದಳು.

ನಡುಮನೆಯಲ್ಲಿ ಮಾವನವರು ಕೈಯನ್ನು ಹಿಂದೆ ಕಟ್ಟಿಕೊಂಡು ಭಾಷಣ ಬಾಯಿಪಾಠ ಮಾಡುತ್ತಿದ್ದರು. ರೈಲ್ವೆಯಲ್ಲಿ ದೊಡ್ಡ ಅಧಿಕಾರಿಯಾಗಿದ್ದವರು. ನಿವೃತ್ತರಾದ ಮೇಲೆ ಓಡಿಸಲು ರೈಲುಗಳಿಲ್ಲದೆ ಕಾಲೋನಿಯ ಸಂಘವನ್ನು ಓಡಿಸುತ್ತಿದ್ದರು. “ಕುದುರೆ ಮೈದಾನ ನಮ್ಮ ಮಕ್ಕಳ ಉಸಿರು,” ಎಂಬ ಮಾತು ಅವರಿಗೇ ಬಹಳ ಹಿಡಿಸಿದಂತಿತ್ತು, ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ ಹೇಳಿ ನೋಡುತ್ತಿದ್ದರು. ಆ ಮೈದಾನದಲ್ಲಿ ಕುದುರೆಯನ್ನು ಕಂಡವರು ಯಾರೂ ಈಗ ಬದುಕಿಲ್ಲ. ಮಕ್ಕಳೂ ಆಡುವುದಿಲ್ಲ, ಆಡಬಾರದೆಂದು ಸಂಘದವರೇ ಬೋರ್ಡು ನೆಟ್ಟಿದ್ದಾರೆ. ಬೆಳಿಗ್ಗೆ ಒಂದಷ್ಟು ಹಿರಿಯರು ಹೊಟ್ಟೆ ಕರಗಿಸಲು ಸುತ್ತು ಹಾಕುತ್ತಾರೆ, ಹೊಟ್ಟೆಗಳೇನೂ ಕರಗಿಲ್ಲ. ಕಾಲೋನಿಯ ಕೊನೆಯ ಮನೆ ಇವರದು. ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೆ ಆ ಬಯಲು.

“ಬರ್ತೀನಿ ಮಾವ.”

“ಹೂಂ, ಒಳ್ಳೇದಾಗ್ಲಿ. ನಮ್ಮ ಕಡೆ ಬಿಟ್ಟುಕೊಡ್ಬೇಡಮ್ಮ,” ಎಂದು ತಿರುಗಿದವರು ಅರ್ಧಕ್ಕೆ ನಿಂತರು. ಮೂಗಿನ ಹೊಳ್ಳೆಗಳು ಅರಳಿದವು. “ಎಲ್ಲೋ ಚರಂಡಿ ಕಟ್ಟಿರ್ಬೇಕು. ನಿಮ್ಮ ಆಫೀಸಿಗೆ ಒಂದು ಮಾತು ಹೇಳು.” ಹೀಗೆಂದು ಕಿಟಕಿಯ ಎರಡು ಬಾಗಿಲನ್ನೂ ದೂಡಿ ತೆರೆದರು. ಅವರು ಕಿಟಕಿ ತೆರೆಯುವ ರೀತಿ ಅವಳಿಗೆ ಚೆನ್ನಾಗಿ ಗೊತ್ತು. ಮದುವೆಯಾದ ಮೇಲೆ ಅವಳ ಅಕ್ಕ ಮೊದಲ ಸಲ ಈ ಮನೆಗೆ ಬಂದಾಗ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ಕುರ್ಚಿಯ ತುದಿಯಲ್ಲಿ ಕೂತು, ಕೊಟ್ಟದ್ದನ್ನು ತಿಂದು, ತಟ್ಟೆ ತಾನೇ ತೊಳೆಯುತ್ತೇನೆಂದು ಎದ್ದು, ಬೇಡ ಬೇಡ ಎಂದು ಎಲ್ಲರೂ ನಕ್ಕು, ಅವಳು ಹೊರಟುಹೋಗಿ ಗೇಟಿನ ಚಿಲಕದ ಸದ್ದು ಕೇಳಿದ್ದೇ ತಡ, ಮಾವನವರು ಎದ್ದು ಹೀಗೇ ಎರಡೂ ಬಾಗಿಲು ದೂಡಿದ್ದರು. “ಸ್ವಲ್ಪ ಗಾಳಿ ಆಡ್ಲಿ.” ಯಾರೂ ಏನೂ ಹೇಳಿರಲಿಲ್ಲ. ಅವಳೂ ಹೇಳಿರಲಿಲ್ಲ. ಆಮೇಲೆ ಅಕ್ಕನನ್ನು ಕರೆಯುವುದನ್ನು ಬಿಟ್ಟು ತಾನೇ ಹೋಗಿ ನೋಡಿಕೊಂಡು ಬರತೊಡಗಿದಳು, ಅಕ್ಕನೂ ಯಾಕೆಂದು ಕೇಳಲಿಲ್ಲ. ಈಗ ತೆರೆದ ಕಿಟಕಿಯ ಮುಂದೆ ಮಾವನವರು ಎದೆ ತುಂಬ ಉಸಿರೆಳೆದುಕೊಳ್ಳುತ್ತಿದ್ದರು. ಎಳೆದುಕೊಳ್ಳಲಿ, ಎಂದುಕೊಂಡು ಅವಳು ಮೆಟ್ಟಿಲಿಳಿದಳು.

ನಗರದ ಹೊಲಸು ನೀರನ್ನೆಲ್ಲ ಒಂದೆಡೆ ಕೂಡಿಸಿ, ಕೆಸರು ಕಳೆದು, ತಿಳಿಯಾಗಿಸಿ ನದಿಗೆ ಬಿಡುವ ಘಟಕ ಬೇಕೆಂದು ಎಲ್ಲರೂ ಒಪ್ಪಿ ಬಹಳ ಕಾಲವಾಗಿತ್ತು. ಎಲ್ಲಿ ಎಂಬುದೊಂದೇ ಉಳಿದ ಪ್ರಶ್ನೆ. ಹುಡುಕಿ ಹುಡುಕಿ ಕೊನೆಗೆ ಎರಡು ಜಾಗ ಉಳಿದವು. ಒಂದು ಕುದುರೆ ಮೈದಾನ: ಸರ್ಕಾರಿ ಜಾಗ, ಎತ್ತರದ ದಂಡೆ, ನೆರೆ ಬರದು, ನಗರದ ದೊಡ್ಡ ಕೊಳವೆ ಅದರ ಅಡಿಯಲ್ಲೇ ಹಾದುಹೋಗುತ್ತದೆ, ಆದರೆ ನೀರನ್ನು ಒಮ್ಮೆ ಪಂಪಿನಿಂದ ಮೇಲೆತ್ತಬೇಕು. ಇನ್ನೊಂದು ಹಳೆಯ ಇಟ್ಟಿಗೆ ಗೂಡುಗಳಿದ್ದ ತಗ್ಗು: ನೀರು ತಾನಾಗಿ ಹರಿದು ಬರುತ್ತದೆ, ಪಂಪು ಬೇಡ, ಆದರೆ ನದಿ ಉಕ್ಕಿದಾಗಲೂ ತಾನಾಗಿಯೇ ಬರುತ್ತದೆ. ಆ ತಗ್ಗಿನ ಅಂಚಿನಲ್ಲಿ, ತೆರೆದ ದೊಡ್ಡ ಮೋರಿಯ ಪಕ್ಕ, ಬಟ್ಟೆ ಒಗೆಯುವವರ ಓಣಿಯಿದೆ. ಅವಳು ಹುಟ್ಟಿದ್ದು ಅಲ್ಲಿ. ಅಕ್ಕ ಈಗಲೂ ಅಲ್ಲೇ ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡುತ್ತಾಳೆ. ಕಚೇರಿಯಲ್ಲಿ ಇಳಿಜಾರಿಗೆ ಇಷ್ಟು, ನೆರೆಗೆ ಇಷ್ಟು, ಮಣ್ಣಿಗೆ ಇಷ್ಟು, ಗಾಳಿಗೆ ಇಷ್ಟು, ಜನರ ಒಪ್ಪಿಗೆಗೆ ಇಷ್ಟು ಎಂದು ಅಂಕ ಹಂಚಿದರು. ನೆರೆಯಲ್ಲಿ ತಗ್ಗು ಸೋತಿತು. ಒಪ್ಪಿಗೆಯಲ್ಲಿ ಪೂರ್ತಿ ಅಂಕ ಪಡೆದು ಗೆದ್ದುಬಿಟ್ಟಿತು. ಹೇಗೆಂದರೆ, ಕಾಲೋನಿಯಿಂದ ಆಕ್ಷೇಪಣೆಗಳ ಮೂಟೆಯೇ ಬಂದಿತ್ತು, ತಗ್ಗಿನಿಂದ ಒಂದೂ ಬಂದಿರಲಿಲ್ಲ. ಮೋರಿಯ ವಾಸನೆಯ ಬಗ್ಗೆ ಓಣಿಯವರು ಅವಳು ಹುಟ್ಟುವ ಮೊದಲಿನಿಂದ ದೂರುತ್ತಲೇ ಬಂದಿದ್ದರು. ಆದರೆ ಆ ದೂರುಗಳು ಮೋರಿ ವಿಭಾಗಕ್ಕೆ ಹೋಗುತ್ತವೆ, ಘಟಕದ ವಿಭಾಗಕ್ಕಲ್ಲ. “ಅವ್ರಿಗೆ ಏನೂ ತೊಂದ್ರೆ ಇಲ್ವಂತೆ, ನೋಡಿ ಎಂಥ ಜನ!” ಎಂದು ಚೀಫ್ ಸಾಹೇಬರು ನಿಜವಾಗಿಯೂ ಮೆಚ್ಚಿಕೊಂಡು ಹೇಳಿದ್ದರು. ಕೆಟ್ಟ ಮನುಷ್ಯರಲ್ಲ ಅವರು, ಅದೇ ತೊಂದರೆ. ಕೆಟ್ಟವರಾಗಿದ್ದರೆ ಅವಳು ಎಂದೋ ಜಗಳವಾಡುತ್ತಿದ್ದಳು.

ವಾಸನೆಯ ಅಂಕವೂ ತಗ್ಗಿಗೆ ಚೆನ್ನಾಗಿಯೇ ಬಿದ್ದಿತ್ತು. ಅದನ್ನು ಕೊಟ್ಟವಳು ಅವಳೇ. ಕಚೇರಿಯ ಜೀಪು ಬೆಳಿಗ್ಗೆ ಹೊರಡುತ್ತದೆ, ಊಟದ ಹೊತ್ತಿಗೆ ವಾಪಸಾಗಬೇಕು, ಹಾಗಾಗಿ ಊರಿನ ವಾಸನೆಗಳೆಲ್ಲ ಬಿಸಿಲೇರಿದ ಮೇಲೆಯೇ ಅಳೆಯಲ್ಪಡುತ್ತವೆ. ಗಾಳಿಯ ದಿಕ್ಕು ನೋಡುವ ಯಂತ್ರ ಕಚೇರಿಯ ತಾರಸಿಯ ಮೇಲಿದೆ; ಕಚೇರಿಯ ತಲೆಯ ಮೇಲೆ ಬೀಸುವ ಗಾಳಿಯೇ ಊರಿನ ಗಾಳಿಯೆಂದು ಎಲ್ಲರ ನಂಬಿಕೆ. ಆ ಹೊತ್ತಿನಲ್ಲಿ ತಗ್ಗಿನಲ್ಲಿ ಬಿಸಿಗಾಳಿ ಮೇಲೇಳುತ್ತಿರುತ್ತದೆ, ಹಗ್ಗಗಳ ಮೇಲೆ ಬಿಳಿ ಹಾಸಿಗೆ ಬಟ್ಟೆಗಳು ಪಟಪಟ ಹಾರಾಡುತ್ತಿರುತ್ತವೆ. “ಏನು ಗಾಳಿ ಇವ್ರೇ, ರೆಸಾರ್ಟ್ ಇದ್ದಂಗಿದೆ!” ಎಂದು ಡ್ರೈವರು ಕೂಡ ಹೇಳಿದ್ದ. ಅವಳು ಕೋಟು ಹಾಕಿ ನಿಂತು, ಕಣ್ಣು ಮುಚ್ಚಿ, ಉಸಿರೆಳೆದು, ಒಂದು ಎಂದು ಅಂಕ ಕೊಟ್ಟಿದ್ದಳು. ಅದು ಸುಳ್ಳಲ್ಲ. ಆ ಹೊತ್ತಿಗೆ ಅಲ್ಲಿ ಇದ್ದದ್ದು ಒಂದೇ. ಹೊತ್ತು ಮುಳುಗುವಾಗ ಅಲ್ಲಿ ಏನಾಗುತ್ತದೆಂದು ಅವಳಷ್ಟು ಚೆನ್ನಾಗಿ ಆ ಜೀಪಿನಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ, ಮತ್ತು ಅವಳನ್ನು ಯಾರೂ ಕೇಳಿರಲಿಲ್ಲ. ಕೇಳದಿದ್ದರೂ ತಾನಾಗಿ ಯಾಕೆ ಹೇಳಲಿಲ್ಲ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು. ಹೇಳಿದ್ದರೆ ‘ನಿಮಗೆ ಹೇಗೆ ಗೊತ್ತು’ ಅನ್ನುತ್ತಿದ್ದರು. ‘ನಾನು ಅಲ್ಲಿಯವಳು’ ಅನ್ನಬೇಕಾಗುತ್ತಿತ್ತು. ಕಚೇರಿಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ ವಿಷಯ. ಇಷ್ಟು ಓದಿ, ಇಷ್ಟು ವರ್ಷ ದುಡಿದು, ಈ ಒಂದು ಸಾಲಿಗೆ ನಾಲಿಗೆ ಏಳಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿರಲಿಲ್ಲ.

ನಿನ್ನೆ ಮಧ್ಯಾಹ್ನ ಚೀಫ್ ಸಾಹೇಬರು ಅವಳನ್ನು ಕರೆದು, ನಾಳೆಯ ಸಭೆಯಲ್ಲಿ ಹೆಚ್ಚೇನೂ ಮಾತಾಡಬೇಕಾಗಿಲ್ಲ, ‘ತಗ್ಗಿನಲ್ಲಿ ವಾಸನೆಯ ತೊಂದರೆ ಆಗುವುದಿಲ್ಲ’ ಎಂಬ ಒಂದು ವಾಕ್ಯ ಹೇಳಿದರೆ ಸಾಕು, ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ, ಕೋಟು ಮಾತ್ರ ಮರೆಯಬೇಡಿ ಎಂದರು. ಅವಳು ಕೋಟನ್ನು ಚೀಲದಲ್ಲಿ ತುರುಕಿಕೊಂಡು ನೇರವಾಗಿ ಅಕ್ಕನ ಮನೆಗೆ ಹೋದಳು. ಅಕ್ಕ ಸೋಪಿನ ನೊರೆಯಲ್ಲಿ ಮೊಣಕೈವರೆಗೆ ಮುಳುಗಿದ್ದಳು. “ಬಾರೇ ಎಂಜಿನಿಯರಮ್ಮ. ಮೂಸೋಕೆ ಬಂದ್ಯೋ, ನೋಡೋಕೆ ಬಂದ್ಯೋ?” ಅವಳ ನಾಲಿಗೆ ಯಾವಾಗಲೂ ಹೀಗೇ. “ಕೋಟು ಒಗಿಬೇಕಿತ್ತು ಅಕ್ಕ.” “ಅಲ್ಲಿಟ್ಟು ಕೂತ್ಕೋ.” ಅಕ್ಕ ಕೋಟು ಒಗೆದು ಹಿಂಡಿ ಹಗ್ಗಕ್ಕೆ ಹಾಕಿದಳು. ಗೋಡೆಯ ಮೇಲೆ ಎದೆಮಟ್ಟದಲ್ಲಿ ಹಳೆಯ ನೆರೆಯ ಕಂದು ಗೆರೆ ಹಾಗೇ ಇತ್ತು. ಅಕ್ಕ ಅದಕ್ಕೆ ಸರಿಯಾಗಿ ಕ್ಯಾಲೆಂಡರು ತೂಗುಹಾಕಿದ್ದಳು. ಇಬ್ಬರೂ ಅದೂ ಇದೂ ಮಾತಾಡುತ್ತ ಕೂತರು. ಅಕ್ಕನ ಸೊಂಟನೋವು, ಹೋಟೆಲಿನವನ ಜಿಪುಣತನ, ತಂಗಿಯ ಗಂಡ ಕಟ್ಟಿಕೊಟ್ಟ ಅಕ್ಕನ ದವಡೆ ಹಲ್ಲು. ಬಿಸಿಲು ಹಳದಿಯಾಗಿ, ಮೋರಿಯಾಚೆಯ ಮರಗಳ ನೆರಳು ಉದ್ದವಾಗುತ್ತ ಬಂದಾಗ ಓಣಿಯ ಆ ತುದಿಯಿಂದ ಯಾರೋ “ಹೊತ್ತಾಯ್ತೂ!” ಎಂದು ಕೂಗಿದರು.

ಆ ಕೂಗು ಕೇಳಿದ್ದೇ ತಡ ಅವಳ ಕಾಲುಗಳು ತಾವಾಗಿ ಎದ್ದು ನಿಂತವು. ಎಷ್ಟು ವರ್ಷಗಳಾದರೂ ಕಾಲು ಮರೆತಿರಲಿಲ್ಲ. ಓಣಿಯ ಮನೆಮನೆಯಿಂದ ಹೆಂಗಸರು, ಗಂಡಸರು, ಮುದುಕರು, ಮಕ್ಕಳು ಓಡಿಬಂದು ಹಗ್ಗಗಳಿಂದ ಬಟ್ಟೆ ಎಳೆದು ಎಳೆದು ಹೆಗಲ ಮೇಲೆ ಒಟ್ಟಿಕೊಂಡು ಒಳಗೋಡಿದರು. ಒದ್ದೆಯಿದ್ದದ್ದನ್ನೂ ಬಿಡಲಿಲ್ಲ. ನೋಡುತ್ತಿದ್ದಂತೆ ಹಗ್ಗಗಳೆಲ್ಲ ಬೋಳಾದವು, ಬಾಗಿಲುಗಳು ಮುಚ್ಚಿಕೊಂಡವು. ಸೂರ್ಯ ಇಳಿದು ನೆಲ ತಣ್ಣಗಾದ ಕೂಡಲೇ ಊರಿನ ಮೇಲಿನ ತಂಪುಗಾಳಿ ಮೋರಿಯ ಗುಂಟ ಅದರ ವಾಸನೆ ಹೊತ್ತು ಜಾರಿಕೊಂಡು ಬಂದು, ಬೋಗುಣಿಯಲ್ಲಿ ನೀರು ನಿಂತ ಹಾಗೆ ಈ ತಗ್ಗಿನಲ್ಲಿ ನಿಂತುಬಿಡುತ್ತದೆ. ಬೆಳಕು ಹರಿಯುವವರೆಗೆ ಕದಲುವುದಿಲ್ಲ. ಅದು ನಿಂತ ಮೇಲೆ ಹೊರಗಿದ್ದ ಬಟ್ಟೆಯನ್ನು ಯಾವ ಹೋಟೆಲಿನವನೂ ತೆಗೆದುಕೊಳ್ಳುವುದಿಲ್ಲ. “ಲೇ, ನಿನ್ನ ಕೋಟು!” ಎಂದು ಅಕ್ಕ ಎರಡು ಹಾಸಿಗೆ ಬಟ್ಟೆಯ ರಾಶಿಯ ಹಿಂದಿನಿಂದ ಕೂಗಿದಳು. ಉದ್ದಕ್ಕೂ ಖಾಲಿ ಹಗ್ಗ, ನಡುವೆ ಅವಳ ಬಿಳಿ ಕೋಟೊಂದೇ ಎರಡು ತೋಳು ಇಳಿಬಿಟ್ಟು ನೇತಾಡುತ್ತಿತ್ತು. “ಇರ್ಲಿ ಬಿಡಕ್ಕ. ಬೆಳಿಗ್ಗೆ ಬಂದು ತಗೊಂಡು ಹೋಗ್ತೀನಿ.” ಅಕ್ಕ ಅವಳ ಮುಖವನ್ನೇ ನೋಡಿದಳು. “ತಲೆ ಕೆಟ್ಟಿದೆಯಾ? ಅದನ್ನ ಹಾಕ್ಕೊಂಡು ಎಲ್ಲಿಗೆ ಹೋಗ್ತೀಯ?” “ಮೀಟಿಂಗಿಗೆ.”

ಅಕ್ಕ ನಗಲಿಲ್ಲ. ಬಾಗಿಲು ಮುಚ್ಚಿ, ಬಾಗಿಲ ಸಂದಿಗೆ ಚಿಂದಿ ತುರುಕಿ, ಬಂದು ಕೂತಳು. “ನೋಡು, ಅಲ್ಲಿ ಹೋಗಿ ನಮ್ಮ ಬಗ್ಗೆ ಅಯ್ಯೋ ಪಾಪ ಅನ್ನೋ ಹಾಗಿದ್ರೆ ಹೋಗ್ಲೇಬೇಡ. ಇಲ್ಲಿ ಬೇಡ ಅಂತ ಹೇಳೋಕೆ ನಮಗೂ ಬಾಯಿದೆ, ನಾವೂ ಬರ್ತೀವಿ. ಇಲ್ಲಿ ಬೇಡ ಅಂದ್ರೆ ಮತ್ತೆಲ್ಲಿ ಅಂತ ಅವ್ರು ಕೇಳ್ತಾರೆ. ಅದನ್ನ ನಾವು ಹೇಳಿದ್ರೆ ಯಾರು ಕೇಳ್ತಾರೆ? ನೀನು ಹೇಳ್ಬೇಕು. ನಿನ್ನ ಮನೆ ಮುಂದೆ ಅಂತ ಹೇಳೋಕಾಗತ್ತಾ ನಿಂಗೆ?” ಚಿಂದಿ ತುರುಕಿದ್ದರೂ ವಾಸನೆ ಒಳಗೆ ಬಂದಿತ್ತು. ನಾಲ್ಕು, ಎಂದುಕೊಂಡಳು. ಹೊರಗೆ ಐದಿರಬಹುದು. ಸ್ವಲ್ಪ ಹೊತ್ತಿಗೆ ಅದೂ ಗೊತ್ತಾಗದಂತಾಯಿತು, ಮೂಗು ಸೋತಿತ್ತು. ಹಾಗೇ ಗೊತ್ತಾಗದೆ ಒಂದು ಸಲ ಅವಳು ಸ್ಕೂಲಿಗೆ ಹೋಗಿದ್ದಳು. ಮನೆಯವರೆಲ್ಲ ಯಾವುದೋ ಗಡಿಬಿಡಿಯಲ್ಲಿದ್ದು ಯೂನಿಫಾರ್ಮು ಹೊರಗೇ ಉಳಿದಿತ್ತು. ಪಕ್ಕದವಳು ಸರಿದು ಕೂತಳು. ಹಿಂದಿನವರು ಮೂಗು ಹಿಡಿದು ಕಿಸಕ್ಕೆಂದರು. ಟೀಚರು ಗದರುವ ಬದಲು ಕಿಟಕಿ ತೆಗೆಸಿದರು. ಏನಾಗಿದೆಯೆಂದು ಅವಳಿಗೆ ತಿಳಿಯಲಿಲ್ಲ, ಅವಳೂ ಎಲ್ಲರ ಜೊತೆ ನಕ್ಕಳು. ತಾನೂ ನಕ್ಕೆನಲ್ಲ ಎಂಬುದು ಇವತ್ತಿಗೂ ನೆನಪಾದಾಗಲೆಲ್ಲ ಅವಳ ಕಿವಿ ಬಿಸಿಯಾಗುತ್ತದೆ. ಅಕ್ಕನ ಮನೆಯ ಮುಚ್ಚಿದ ಬಾಗಿಲನ್ನೇ ನೋಡುತ್ತ ಅವಳು, “ಹೇಳ್ತೀನಿ,” ಎಂದಳು. “ಆಗತ್ತೆ ನಂಗೆ.”

ಕಚೇರಿಯ ಅಂಗಳದಲ್ಲಿ ಕಾರು ನಿಂತಿತ್ತು. ಚೀಫ್ ಸಾಹೇಬರು ಮುಂದೆ ಕೂತಿದ್ದರು. ಅವಳು ಹಿಂದೆ ಹತ್ತಿ ಬಾಗಿಲು ಹಾಕಿದಳು. “ಭೇಷ್, ಕೋಟು ತಂದಿದೀರಿ,” ಎಂದರು. ಕಾರು ಗೇಟು ದಾಟುವಷ್ಟರಲ್ಲಿ ಡ್ರೈವರು ಬಲಗಾಲನ್ನು ಮೆಲ್ಲಗೆ ಎತ್ತಿ ಚಪ್ಪಲಿಯ ತಳ ನೋಡಿಕೊಂಡ. ಸ್ವಲ್ಪ ದೂರ ಹೋದ ಮೇಲೆ ಸಾಹೇಬರೂ, ಯಾರಿಗೂ ಗೊತ್ತಾಗದ ಹಾಗೆ, ಮೊದಲು ಎಡ ಬೂಟು, ಆಮೇಲೆ ಬಲ ಬೂಟು ನೋಡಿಕೊಂಡರು. ಇಬ್ಬರೂ ಕಿಟಕಿ ಇಳಿಸಿದರು. ಒಬ್ಬರ ಮೇಲೊಬ್ಬರಿಗೆ ಅನುಮಾನವಿದ್ದದ್ದು ಬೆನ್ನಿನಿಂದಲೇ ಗೊತ್ತಾಗುತ್ತಿತ್ತು. ಅವಳು ಕೈಕಟ್ಟಿ ಕೂತು ರಸ್ತೆ ನೋಡುತ್ತಿದ್ದಳು. ಅವತ್ತು ಗೊತ್ತಾಗದೆ ಹಾಕಿಕೊಂಡು ಹೋಗಿದ್ದೆ, ಇವತ್ತು ಗೊತ್ತಿದ್ದೇ ಹಾಕಿಕೊಂಡಿದ್ದೇನೆ. ಮೂಗು ಹಿಡಿಯುವವರು ಹಿಡಿಯಲಿ, ಒಬ್ಬೊಬ್ಬರನ್ನೂ ನೋಡುತ್ತೇನೆ.

ಸಭೆಯ ಕೋಣೆಯಲ್ಲಿ ಫ್ಯಾನುಗಳು ತಿರುಗುತ್ತಿದ್ದವು, ಅದರಿಂದ ಕೆಲಸ ಇನ್ನೂ ಸುಲಭವಾಯಿತು. ಜಾಗ ತೀರ್ಮಾನಿಸಬೇಕಾದ ಸಮಿತಿಯ ಅಧ್ಯಕ್ಷೆ ಬೇರೆ ಊರಿನಿಂದ ಬಂದಿದ್ದ ನಿವೃತ್ತ ನ್ಯಾಯಾಧೀಶೆ. ದಪ್ಪ ಕನ್ನಡಕದ, ಹೆಚ್ಚು ಮಾತಿಲ್ಲದ ಹೆಂಗಸು. ಮುಂದಿನ ಸಾಲುಗಳಲ್ಲಿ ಕಾಲೋನಿಯವರು ಇಸ್ತ್ರಿ ಮಾಡಿದ ಬಟ್ಟೆಗಳಲ್ಲಿ ಕೂತಿದ್ದರು. ಆ ಇಸ್ತ್ರಿ ಮಾಡಿದವರು ಹಿಂದೆ ಬಾಗಿಲ ಬಳಿ ನಿಂತಿದ್ದರು, ಅವರ ನಡುವೆ ಅಕ್ಕ. ಮಾವನವರು ಮೊದಲು ಎದ್ದು ಮಾತಾಡಿದರು. ಮಕ್ಕಳ ಉಸಿರು ಎಂಬಲ್ಲಿ ಒಳ್ಳೆಯ ಚಪ್ಪಾಳೆ ಬಂತು. ಓಣಿಯವರ ಪರವಾಗಿ ಒಬ್ಬ ಮುದುಕ ಎದ್ದು, ನಮಗಿದು ಬೇಡ ಸ್ವಾಮಿ, ಈಗಿರೋದೇ ಸಾಕಾಗಿದೆ ಎಂದ, ಚಪ್ಪಾಳೆ ಬರಲಿಲ್ಲ. ಆಮೇಲೆ ಚೀಫ್ ಸಾಹೇಬರು, “ಈಗ ನಮ್ಮ ಇಲಾಖೆಯ ತರಬೇತಿ ಪಡೆದ ತಜ್ಞರು ಒಂದೇ ಮಾತಲ್ಲಿ ವಿಷಯ ಹೇಳ್ತಾರೆ,” ಎಂದು ಅವಳತ್ತ ಕೈ ತೋರಿಸಿದರು. ಅವಳು ಎದ್ದು ಸಾಲುಗಳ ನಡುವೆ ನಿಧಾನವಾಗಿ ನಡೆದಳು. ಅವಳು ಹಾದುಹೋದ ಕಡೆಯೆಲ್ಲ ತಲೆಗಳು ಬಗ್ಗಿದವು. ಎಲ್ಲರೂ ತಂತಮ್ಮ ಚಪ್ಪಲಿಯ ತಳ ನೋಡಿಕೊಳ್ಳುತ್ತಿದ್ದರು. ಒಬ್ಬಾಕೆ ಮಗುವನ್ನೆತ್ತಿ ಅದರ ಚಡ್ಡಿ ಮೂಸಿದಳು. ಬಾಗಿಲ ಬಳಿ ನಿಂತವರು ಮಾತ್ರ ಯಾರೂ ಕೆಳಗೆ ನೋಡಲಿಲ್ಲ. ಅವರಿಗೆ ಗೊತ್ತಾಗಿತ್ತು. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಭುಜ ಕುಲುಕಿಸುತ್ತಿದ್ದಳು. ಮುಂದಿನ ಸಾಲಿನಲ್ಲಿ ಮಾವನವರು ಮಡಿಚಿದ ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು, ಹಿಡಿದ ಮೇಲೆ ಎದುರಿಗೆ ನಿಂತವಳು ಸೊಸೆಯೆಂದು ಕಂಡು ಅರ್ಧ ಇಳಿಸಿದರು.

“ಚಪ್ಪಲಿ ನೋಡ್ಕೋಬೇಡಿ,” ಎಂದಳು ಅವಳು. “ನಿಮ್ಮ ಚಪ್ಪಲಿಯಲ್ಲಿ ಏನೂ ಇಲ್ಲ. ವಾಸನೆ ಬರ್ತಿರೋದು ಈ ಕೋಟಿಂದ. ನಿನ್ನೆ ಇದನ್ನ ತಗ್ಗಿನಲ್ಲಿ ಸೋಪು ಹಾಕಿ ಒಗೆದು, ಹೊತ್ತು ಮುಳುಗಿದ ಮೇಲೂ ಹಗ್ಗದ ಮೇಲೇ ಬಿಟ್ಟಿದ್ವಿ. ಬೇರೆ ಏನೂ ಮಾಡಿಲ್ಲ. ಬಿಸಿಲಲ್ಲಿ ಹೋಗಿ ಮೂಸಿ ಒಂದು ಅಂತ ಅಂಕ ಕೊಟ್ಟವಳು ನಾನೇ. ಆ ಹೊತ್ತಿಗೆ ಅದು ಸರಿ. ನಾವು ಬಿಸಿಲಲ್ಲಿ ಮಾತ್ರ ಹೋಗ್ತೀವಿ, ಜನ ಅಲ್ಲಿ ಕತ್ತಲಲ್ಲೂ ಇರ್ತಾರೆ.” ಕೋಣೆಯಲ್ಲಿ ಗುಸುಗುಸು ಎದ್ದಿತು. ಚೀಫ್ ಸಾಹೇಬರು ಕೆಂಪಾಗಿ ಎದ್ದು ನಿಂತರು. “ಏನಿದು ಇವ್ರೇ, ನಾಟಕನಾ? ಈಗಿರೋದು ಮೋರಿ ವಾಸನೆ. ಅದು ಅವ್ರಿಗೆ ಅಭ್ಯಾಸ ಆಗಿಹೋಗಿದೆ. ನಾವು ಕಟ್ಟೋ ಘಟಕ ಹೊಸ ಥರದ್ದು, ಸುತ್ತ ಮುಚ್ಚಿರತ್ತೆ, ವಾಸನೆನೇ ಬರಲ್ಲ.”

“ಮೂಗಿಗೆ ಅಭ್ಯಾಸ ಆಗತ್ತೆ ಸರ್, ಬಟ್ಟೆಗೆ ಆಗಲ್ಲ. ಅವ್ರ ಹೊಟ್ಟೆಪಾಡು ಬಟ್ಟೆ. ವಾಸನೆ ಬರಲ್ಲ ಅಂತೀರಿ, ನನಗೂ ಹಾಗೇ ಅನ್ಸತ್ತೆ, ಚೆನ್ನಾಗಿ ಕಟ್ಟಿದ್ರೆ ಬರಲ್ಲ. ಬರಲ್ಲ ಅನ್ನೋದಾದ್ರೆ ನಮ್ಮ ಮನೆ ಪಕ್ಕ ಯಾಕಾಗಬಾರ್ದು? ಬರತ್ತೆ ಅನ್ನೋದಾದ್ರೆ ಅವ್ರ ಮನೆ ಪಕ್ಕ ಯಾಕೆ? ಆ ತಗ್ಗಿಗೆ ನೆರೆ ನುಗ್ಗತ್ತೆ, ಗೋಡೆ ಮೇಲೆ ಇನ್ನೂ ಗೆರೆ ಇದೆ. ನೆರೆ ಬಂದ ದಿನ ನಿಮ್ಮ ಘಟಕದಲ್ಲಿ ಇರೋದೆಲ್ಲ ಅವ್ರ ಅಡುಗೆಮನೆಗೆ ಬರತ್ತೆ. ಒಂದು ಪಂಪಿನ ಖರ್ಚು ಉಳಿಸೋಕೆ ಇಷ್ಟೆಲ್ಲನಾ?”

ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು ಕೇಳಿದರು, “ಹಾಗಾದ್ರೆ ಎಲ್ಲಿ ಆಗ್ಬೇಕು ಅಂತೀರಿ?”

ಇಲ್ಲಿಗೇ ಬರುತ್ತದೆಂದು ಅಕ್ಕ ಹೇಳಿದ್ದಳು. ಮುಂದಿನ ಸಾಲಿನಲ್ಲಿ ಮಾವನವರು ಕರವಸ್ತ್ರವನ್ನು ಮುಷ್ಟಿಯಲ್ಲಿ ಹಿಡಿದು ಅವಳನ್ನೇ ನೋಡುತ್ತಿದ್ದರು. ಜ್ವರ ಬಂದಾಗ ರಾತ್ರಿ ಎದ್ದು ಅವಳಿಗೆ ಬಿಸಿನೀರು ಕಾಯಿಸಿಕೊಟ್ಟವರು. ಹುಡುಗಿ ಎಲ್ಲಿಯವಳಾದರೇನು, ಓದಿದ್ದಾಳೆ ಎಂದು ಮದುವೆಗೆ ಒಪ್ಪಿದವರು. ಆ ‘ಎಲ್ಲಿಯವಳಾದರೇನು’ ಎಂಬ ಮಾತನ್ನು ಅವಳು ಎಷ್ಟು ವರ್ಷ ಉಪಕಾರವೆಂದು ಹೊತ್ತುಕೊಂಡು ತಿರುಗಿದ್ದಳು! ಇನ್ನು ಹೊರಲಾರೆ, ಅನ್ನಿಸಿತು.

“ಕುದುರೆ ಮೈದಾನದಲ್ಲಿ,” ಎಂದಳು. “ಅದರ ಪಕ್ಕದ ಕೊನೇ ಮನೆ ನಮ್ದೇ. ನಮ್ಮ ಅಡುಗೆಮನೆ ಕಿಟಕಿ ಅದರ ಕಡೆಗೇ ಇದೆ. ನಾನು ಹುಟ್ಟಿದ್ದು ತಗ್ಗಿನ ಓಣಿಯಲ್ಲಿ, ಅಗೋ ಅಲ್ಲಿ ನಿಂತಿರೋದು ನಮ್ಮಕ್ಕ. ಎರಡೂ ಕಡೆ ಗಾಳಿ ಕುಡಿದಿದೀನಿ. ಮೈದಾನ ಎತ್ತರದಲ್ಲಿದೆ, ಬಯಲು, ಗಾಳಿ ನಿಲ್ಲಲ್ಲ. ಅಲ್ಲೇ ಆಗ್ಬೇಕು.”

ಆಮೇಲೆ ಎದ್ದ ಗದ್ದಲದಲ್ಲಿ ಯಾರು ಏನೆಂದರೋ ಅವಳಿಗೆ ಸರಿಯಾಗಿ ಕೇಳಲಿಲ್ಲ. ‘ನಾಚಿಕೆ’ ಎಂಬ ಮಾತು ಒಂದೆರಡು ಸಲ ಕೇಳಿತು, ಬಾಗಿಲ ಕಡೆಯಿಂದ ಯಾರೋ ಜೋರಾಗಿ ಸಿಳ್ಳೆ ಹಾಕಿದ್ದು ಕೇಳಿತು. ಅಧ್ಯಕ್ಷೆ ಮೇಜನ್ನು ಸುತ್ತಿ ಕೆಳಗಿಳಿದು ಬಂದರು. ಜವಳಿ ಅಂಗಡಿಯಲ್ಲಿ ಬಟ್ಟೆ ನೋಡುವ ಹಾಗೆ ಕೋಟಿನ ತೋಳನ್ನು ಎರಡು ಬೆರಳಲ್ಲಿ ಹಿಡಿದು ಮೂಗಿನ ಹತ್ತಿರ ತಂದರು, ತಕ್ಷಣ ಮುಖ ತಿರುಗಿಸಿದರು. “ಎಷ್ಟು ಅಂಕ ಕೊಡ್ತೀರಿ ಇದಕ್ಕೆ?” “ನಾನು ಕೊಡೋ ಹಾಗಿಲ್ಲ ಮೇಡಂ. ಬೆಳಿಗ್ಗೆಯಿಂದ ಹಾಕ್ಕೊಂಡಿದೀನಿ, ನನ್ನ ಮೂಗು ಸೋತಿದೆ. ನೀವೇ ಕೊಡಿ.” “ಆರರಲ್ಲಿ ಐದು,” ಎಂದರು ಅವರು, ಮತ್ತು ಹಿಂತಿರುಗಿ ಹೋಗಿ ಕೂತು, ಆಕ್ಷೇಪಣೆ ಬಂದಿಲ್ಲ ಎಂಬುದನ್ನು ಒಪ್ಪಿಗೆ ಎಂದು ಎಣಿಸಿದ್ದು ತಪ್ಪು, ನೆರೆ ನುಗ್ಗುವ ಜಾಗವನ್ನು ಪರಿಗಣಿಸಿದ್ದೂ ತಪ್ಪು ಎಂದು ಹೇಳಿ ತಗ್ಗನ್ನು ಕೈಬಿಡಿಸಿದರು. ಉಳಿದದ್ದು ಮೈದಾನವೊಂದೇ. ಕಾಲೋನಿಯವರು ಕೋರ್ಟಿಗೆ ಹೋಗುತ್ತೇವೆಂದು ಎದ್ದು ಹೊರನಡೆದರು, ಎಲ್ಲರಿಗಿಂತ ಮುಂದೆ ಮಾವನವರು. ಮೆಟ್ಟಿಲ ಬಳಿ ಚೀಫ್ ಸಾಹೇಬರು ಅವಳನ್ನು ನಿಲ್ಲಿಸಿ, “ನಾಳೆಯಿಂದ ನೀವು ಬಿಲ್ ವಿಭಾಗದಲ್ಲಿ ಕೂತ್ಕೊಳ್ಳಿ. ಕೋಟು ಆಫೀಸಿಗೆ ವಾಪಸ್ ಕೊಡಿ,” ಎಂದರು. “ಎಲ್ಲಿ ಬೇಕಾದ್ರೂ ಕೂರ್ತೀನಿ ಸರ್. ಕೋಟು ಕೊಡಲ್ಲ,” ಎಂದಳು.

ಅಕ್ಕ ಕೆಳಗೆ ಕಾಯುತ್ತಿದ್ದಳು. ಅಪ್ಪಿಕೊಳ್ಳಲು ಬಂದವಳು ಕೋಟು ನೆನಪಾಗಿ ನಿಂತು, ಆಮೇಲೆ ಥೂ, ಏನಾದ್ರೂ ಆಗ್ಲಿ ಎಂದು ಅಪ್ಪಿಕೊಂಡಳು. “ಇವತ್ತು ಮನೆಯೊಳಗೆ ಸೇರಿಸ್ತಾರಾ ನಿನ್ನ?” ಎಂದು ಕೇಳಿದಳು. “ಸೇರಿಸದೆ ಏನು, ನನ್ನ ಮನೆನೂ ಅಲ್ವಾ ಅದು?” ಎಂದಳು ಅವಳು. ಹೇಳಿದ ಮೇಲೆ, ಈ ಮಾತನ್ನು ಮೊದಲ ಸಲ ಹೇಳುತ್ತಿದ್ದೇನೆ ಎಂದು ಹೊಳೆಯಿತು.

ಮನೆಯಲ್ಲಿ ಮಾವನವರು ನಡುಮನೆಯ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಕಿಟಕಿಗಳೆಲ್ಲ ತೆರೆದಿದ್ದವು. ಗಂಡ ಬಾಗಿಲಲ್ಲಿ ನಿಂತು ಅಪ್ಪನನ್ನೂ ಅವಳನ್ನೂ ನೋಡುತ್ತಿದ್ದ. ‘ಆಯ್ತು’ ಎಂದು ಯಾರಿಗೆ ಹೇಳಬೇಕೆಂದು ಅವನಿಗೆ ತಿಳಿಯಲಿಲ್ಲ. ಅವಳು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಬಚ್ಚಲಲ್ಲಿ ಕೋಟನ್ನು ಚೆನ್ನಾಗಿ ಸೋಪು ಹಚ್ಚಿ ತಿಕ್ಕಿ, ಜಾಲಿಸಿ ಹಿಂಡಿದಳು. ಹಿಂದಿನ ಬಾಗಿಲು ತೆಗೆದು, ಮೈದಾನದ ಕಡೆಗಿದ್ದ ಹಗ್ಗದ ನಟ್ಟನಡುವೆ ಅದನ್ನು ಹಾಕಿ ಎರಡು ತೋಳನ್ನೂ ಬಿಡಿಸಿದಳು. ಬಿಸಿಲು ಹಳದಿಯಾಗಿತ್ತು.

ಮಾವನವರು ಹಿಂದೆಯೇ ಬಂದು ಹೊಸ್ತಿಲಲ್ಲಿ ನಿಂತರು. “ಊರೆಲ್ಲ ನೋಡಿದ್ದು ಸಾಲ್ದಾ? ತೆಗಿ ಅದನ್ನ ಅಲ್ಲಿಂದ.”

“ಒಣಗಬೇಕು ಮಾವ.”

“ನಾವು ನಿನಗೆ ಏನು ಕಡಿಮೆ ಮಾಡಿದ್ವಮ್ಮ?” ಅವಳಿಗೆ ಸಂಕಟವಾಯಿತು. ಆದರೆ ಸಂಕಟವಾಯಿತೆಂದು ಕೋಟು ತೆಗೆಯಲಿಲ್ಲ.

“ಏನೂ ಕಡಿಮೆ ಮಾಡಿಲ್ಲ. ನಮ್ಮಕ್ಕ ಹೋದ ಮೇಲೆ ಕಿಟಕಿ ತೆಗೆದ್ರಿ, ಅಷ್ಟೆ. ಘಟಕ ಬಂದ ಮೇಲೂ ನಾನು ಬಟ್ಟೆ ಇಲ್ಲೇ ಒಣಹಾಕ್ತೀನಿ ಮಾವ, ಇದೇ ಹಗ್ಗದ ಮೇಲೆ. ವಾಸನೆ ಬಂದ್ರೆ ಮೊದಲು ನನ್ನ ಕೋಟಿಗೇ ಬರ್ಲಿ. ಬಂದ ದಿನ ಈ ಕೋಟು ಹಾಕ್ಕೊಂಡೇ ಹೋಗಿ ಆ ಘಟಕದ ಬಾಗಿಲಲ್ಲಿ ನಿಂತ್ಕೋತೀನಿ.”

ಮಾವನವರು ಒಳಗೆ ಹೋದರು. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಮೈದಾನದಾಚೆ ಸೂರ್ಯ ಇಳಿಯುತ್ತಿದ್ದ. ನೆರಳು ಹುಲ್ಲನ್ನು ದಾಟಿ ಬೇಲಿಗೆ ಬಂತು, ಬೇಲಿಯಿಂದ ಹಗ್ಗಕ್ಕೆ ಬಂತು. ಕಾಲೋನಿಯ ಹಿತ್ತಿಲುಗಳಲ್ಲಿ ಉದ್ದಕ್ಕೂ ಬಟ್ಟೆಗಳು ನೇತಾಡುತ್ತಿದ್ದವು: ಅಂಗಿಗಳು, ಮಕ್ಕಳ ಯೂನಿಫಾರ್ಮುಗಳು, ಹಾಸಿಗೆ ಬಟ್ಟೆಗಳು. ಅವಳ ಕಾಲುಗಳು ಎದ್ದು ಓಡಲು ತಯಾರಾಗಿದ್ದವು. ಎರಡೂ ಮೊಣಕಾಲನ್ನು ಕೈಯಿಂದ ಒತ್ತಿ ಹಿಡಿದುಕೊಂಡಳು. ಹೊತ್ತು ಮುಳುಗಿತು. ಯಾರೂ ಕೂಗಲಿಲ್ಲ. ಯಾವ ಮನೆಯಿಂದಲೂ ಯಾರೂ ಓಡಿ ಬರಲಿಲ್ಲ.